ಮಿಸ್ ಹೇಳಿಕೊಟ್ಟ ಖಾಲಿ ಜಾಗ

ಬಿಸಿಲಿಗೆ ಕಾದ ಫ್ಲೆಕ್ಸಿನ ವಾಸನೆಯೇ ಒಂದು ಥರ. ಸೀಮೆಎಣ್ಣೆಯಲ್ಲಿ ರಬ್ಬರು ಬೇಯಿಸಿದ ಹಾಗಿರುತ್ತದೆ. ಅದಕ್ಕೆ ಸಗಣಿಯ ವಾಸನೆಯೂ ಸೇರಿಕೊಂಡರೆ ಹೇಗಿರುತ್ತದೆ ಎಂಬುದು ಮೊನ್ನೆ ಉಡಿಗಾಲದಲ್ಲಿ ಗೊತ್ತಾಯಿತು. ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಕಡೆ ಬೀದಿಗಳಲ್ಲಿ ಫ್ಲೆಕ್ಸ್ ಕಟ್ಟುವವನು ಆ ಊರಿನವನು. ಚಾಮರಾಜನಗರದಲ್ಲಿರುವ ನನ್ನ ಪ್ರಿಂಟಿಂಗ್ ಅಂಗಡಿಯ ಕೆಲಸವನ್ನೂ ಅವನೇ ಮಾಡುತ್ತಾನೆ. ಫೋನು ಎತ್ತದೆ ಸತಾಯಿಸುತ್ತಿದ್ದನೆಂದು ನಾನೇ ಸ್ಕೂಟರ್ ಹತ್ತಿ ಅವನ ಮನೆಗೆ ಹೋದೆ. ಅವನಿರಲಿಲ್ಲ. ಮನೆಯ ಪಕ್ಕ, ತಿಪ್ಪೆಗೆ ಒತ್ತಿಕೊಂಡಂತೆ ಬೆರಣಿ ಒಟ್ಟಿ, ಮಳೆಗೆ ನೆನೆಯದಿರಲೆಂದು ಹಳೆಯ ಫ್ಲೆಕ್ಸೊಂದನ್ನು ಹೊದಿಸಿ ಕಲ್ಲು ಹೇರಿದ್ದರು. ಆ ಫ್ಲೆಕ್ಸಿನೊಳಗೆ ನಮ್ಮ ಮಿಸ್ ತಲೆಕೆಳಗಾಗಿ ನಗುತ್ತಿದ್ದರು.

ಅವರ ಹಣೆಯ ಮೇಲೆ ಕೋಳಿ ಗಲೀಜು ಮಾಡಿತ್ತು. ಕೆನ್ನೆಯ ಮೇಲೆ ನೊಣ ಮುತ್ತಿತ್ತು. ಒರೆಸಲೆಂದು ಬಗ್ಗಿದೆ. ಆದರೆ ಅಭ್ಯಾಸ ಎಂಬುದು ಎಂಥ ಕೆಟ್ಟದ್ದು ನೋಡಿ, ತಲೆಕೆಳಗಾದ ಚಿತ್ರ ಕಂಡ ಕೂಡಲೇ ನನ್ನ ಕಣ್ಣು ಮೊದಲು ಅದರ ತೂಕ ನೋಡಿತು. ಭಾರವೆಲ್ಲ ಒಂದೇ ಕಡೆ ಬಿದ್ದು ಪೂರ್ತಿ ವಾಲಿಕೊಂಡಿತ್ತು. ಯಾವ ಡಿಸೈನನ್ನೇ ಆಗಲಿ ತಲೆಕೆಳಗು ಮಾಡಿ ನೋಡಬೇಕು, ಆಗ ಅಕ್ಷರ ಓದಲು ಬರುವುದಿಲ್ಲ, ತೂಕ ಮಾತ್ರ ಕಾಣುತ್ತದೆ ಎಂದು ಹೇಳಿಕೊಟ್ಟವರೇ ಅವರು.

ಅವರು ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಒಂದು ಮಲಯಾಳಿ ಬೇಕರಿಯ ಮೇಲಿನ ಮಹಡಿಯಲ್ಲಿ ಡಿಸೈನ್ ಕಲಿಸುವ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು. ನಾನು ಬೇಗೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದವಳನ್ನು, ಗಂಡು ಗೊತ್ತಾಗುವ ತನಕ ಏನಾದರೂ ಕಲಿತುಕೊಳ್ಳಲಿ ಎಂದು ಮನೆಯವರು ಕಳಿಸಿದ್ದರು. ಉಳಿದವರೂ ಅಂಥವರೇ. ಯಾರಿಗೂ ಡಿಸೈನ್ ಎಂದರೆ ಏನೆಂದು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಮಿಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಮುಖದಲ್ಲಿ ಸದಾ ಹುಳಿ ಮಜ್ಜಿಗೆ ಕುಡಿದವರ ಕಳೆ ಇರುತ್ತಿದ್ದದ್ದು ಅದಕ್ಕೇ ಇರಬೇಕು.

ಮೊದಲ ದಿನ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಬೇಕರಿಯಿಂದ ಕೇಕಿನ ಡಬ್ಬದ ಬಿಳಿ ರಟ್ಟು ತರಿಸಿ ನನ್ನ ಮುಂದೆ ಇಟ್ಟರು. ಕಪ್ಪು ಕಾಗದದಲ್ಲಿ ಒಂದು ಸಣ್ಣ ಚೌಕ ಕತ್ತರಿಸಿ ಕೈಗೆ ಕೊಟ್ಟು, ಎಲ್ಲಿ ಬೇಕಾದರೂ ಇಡು ಎಂದರು. ನಾನು ತೀರಾ ಜೋಪಾನವಾಗಿ ನಟ್ಟನಡುವೆ ಇಟ್ಟೆ. ಮಿಸ್ ಮೂಗು ಮುರಿದರು.

"ಮಧ್ಯಕ್ಕೆ ಮಡಗ್ಬುಟ್ರೆ ಅದು ಸತ್ತೋದಂಗೆ ಕಣಮ್ಮಿ. ಅದುಕ್ಕೆ ಓಗಕ್ಕೆ ಒಸಿ ಜಾಗ ಕೊಡು."

ಆಮೇಲೆ ಒಂದು ಬೆರಳಿನಿಂದ ಆ ಚೌಕವನ್ನು ಮೇಲಕ್ಕೆ, ಬಲಕ್ಕೆ ತಳ್ಳಿದರು. ಅಷ್ಟೇ ಮಾಡಿದ್ದು. ಚೌಕ ಎಲ್ಲಿಗೋ ಹೊರಟು ನಿಂತ ಹಾಗೆ ಕಂಡಿತು. ಅಲ್ಲಿಯವರೆಗೆ ಬರೀ ರಟ್ಟಾಗಿದ್ದ ಬಿಳುಪು ಆಕಾಶವೋ ಬಯಲೋ ಆಗಿಬಿಟ್ಟಿತು. ನಾನು ಖುಷಿ ತಡೆಯಲಾರದೆ ಇನ್ನೊಂದು ಚೌಕ ಇಟ್ಟೆ, ಮತ್ತೊಂದನ್ನು ಕೈಗೆತ್ತಿಕೊಂಡೆ. ಮಿಸ್ ನನ್ನ ಕೈ ಹಿಡಿದು "ಪೋದುಂ" ಎಂದರು. ಅವರು ಹುಟ್ಟಿ ಬೆಳೆದದ್ದು ಪುಣಜನೂರಿನಲ್ಲಿ, ಸತ್ಯಮಂಗಲದ ರಸ್ತೆಯಲ್ಲಿ. ಅಲ್ಲಿ ಅರ್ಧ ಮಾತು ತಮಿಳು. ಸಾಕು ಎನ್ನುವುದಕ್ಕೆ ಅವರ ಬಾಯಲ್ಲಿ ಕೊನೆಯವರೆಗೂ ಪೋದುಂ ಎಂದೇ ಬರುತ್ತಿತ್ತು. ಆ ಸೆಂಟರಿನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಅದು.

ಕರೆಂಟು ಹೋದಾಗಲೆಲ್ಲ ನಮ್ಮನ್ನು ಕೆಳಗಿಳಿಸಿ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು. ಸರ್ಕಲ್ಲಿನಲ್ಲಿ ಯಾವುದೋ ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸ್ ಇದ್ದೇ ಇರುತ್ತಿತ್ತು. ಅಣ್ಣನ ಹಿಂದೆ ಸಿಂಹ, ಸಿಂಹದ ಹಿಂದೆ ಬೆಂಕಿ, ಬೆಂಕಿಯ ಸುತ್ತ ದೇವರುಗಳು, ಕೆಳಗೆ ಶುಭ ಕೋರುವವರ ಮುಖಗಳು ಸಂತೆಯ ಟೊಮೇಟೊ ಸುರಿದ ಹಾಗೆ. ಮಿಸ್ ನಮ್ಮನ್ನು ಎದುರಿಗೆ ಸಾಲಾಗಿ ನಿಲ್ಲಿಸಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಕಣ್ಣು ಮೊದಲು ಎಲ್ಲಿಗೆ ಹೋಯಿತು?

ಒಂದು ದಿನ ನಮ್ಮ ಬ್ಯಾಚಿನ ಹುಡುಗನೊಬ್ಬ, "ಕಾಗೆ ಮ್ಯಾಕೆ ಮಿಸ್" ಎಂದ. ಫ್ಲೆಕ್ಸಿನ ಮೇಲಂಚಿನಲ್ಲಿ ನಿಜವಾಗಿಯೂ ಒಂದು ಕಾಗೆ ಕೂತಿತ್ತು. ನಾವೆಲ್ಲ ಕಿಸಕ್ಕೆಂದೆವು. ಮಿಸ್ ನಗಲಿಲ್ಲ. "ಸರ್ಯಾಗೇ ಏಳ್ದೆ ಕಣ್ಲಾ. ಅದೊಂದುಕ್ಕೇ ಸುತ್ತ ಖಾಲಿ ಜಾಗ ಇರೋದು" ಎಂದರು. ಅವತ್ತಿನಿಂದ ಅವನಿಗೆ ಕಾಗೆ ಎಂದೇ ಹೆಸರಾಯಿತು.

ಅರೆಗಣ್ಣು ಮಾಡಿ ನೋಡುವುದನ್ನು ಕಲಿಸಿದ್ದೂ ಅಲ್ಲಿಯೇ. ಕಣ್ಣು ಕಿರಿದು ಮಾಡಿದರೆ ಸಣ್ಣಪುಟ್ಟದ್ದೆಲ್ಲ ಕರಗಿ, ಯಾವುದು ದೊಡ್ಡದು, ಯಾವುದು ಕಪ್ಪು, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದು ಉಳಿಯುತ್ತದೆ. ಆ ಫ್ಲೆಕ್ಸುಗಳನ್ನು ಹಾಗೆ ನೋಡಿದರೆ ಉಳಿಯುತ್ತಿದ್ದದ್ದು ಕಲಸಿದ ಚಿತ್ರಾನ್ನ. ಒಮ್ಮೆ ಅಣ್ಣನ ಕಡೆಯವನೊಬ್ಬ ಬಂದು, "ಯಾಕ್ರಮ್ಮಿ, ನಮ್ಮಣ್ಣನ ನೋಡಿ ಎಲ್ಲಾ ಒಟ್ಗೆ ಮೊಕ ಕಿವುಚ್ತೀರಿ?" ಎಂದು ಗದರಿದ. ಮಿಸ್ ಅವನನ್ನೂ ಸಾಲಿನಲ್ಲಿ ನಿಲ್ಲಿಸಿಕೊಂಡು, ನೀನೂ ಒಂದು ಸಲ ನೋಡಪ್ಪ ಎಂದರು. ಅವನು ಕಣ್ಣು ಕಿರಿದು ಮಾಡಿ ನೋಡಿದ. ಅಣ್ಣ ಕಾಣಲಿಲ್ಲವಂತೆ. ಬೈದುಕೊಂಡು ಹೋದ.

ಅವರಿಗೆ ಪಾಠ ಎಂದರೆ ಹೇಸಿಗೆ ಪಡುವುದನ್ನು ಕಲಿಸುವುದು. ಸೊಟ್ಟ ಸಾಲು ಕಂಡರೆ, ಒಂದೇ ಕಾರ್ಡಿನಲ್ಲಿ ಐದಾರು ಥರದ ಅಕ್ಷರ ಕಂಡರೆ ಅವರ ತುಟಿ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು. "ಹೇಸ್ಗೆ ಪಡೋದ ಮೊದ್ಲು ಕಲೀರಿ. ಹೇಸ್ಗೆ ಆಗ್ದೋರ್ಗೆ ಚೆಂದ ಎಲ್ಲಿಂದ ಗೊತ್ತಾದ್ದು?" ಎನ್ನುತ್ತಿದ್ದರು. ಬೇರೆ ಏನು ಕಲಿತೆನೋ ಬಿಟ್ಟೆನೋ, ಇದೊಂದನ್ನು ಮಾತ್ರ ಚೆನ್ನಾಗಿ ಕಲಿತೆ. ಈಗ ನನಗೆ ಫ್ಲೆಕ್ಸ್ ಕಂಡರೆ ಹೇಸಿಗೆ. ಅದನ್ನೇ ಮಾಡಿ ಅನ್ನ ತಿನ್ನುತ್ತೇನೆ.

ಸೆಂಟರಿನ ಜೊತೆಗೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಮಾಡಿಕೊಡುವುದೂ ಇತ್ತು. ನಮ್ಮ ಬೇಗೂರಿನ ಕಡೆಯ ಒಂದು ದೊಡ್ಡ ಬೇಸಾಯಗಾರರ ಮನೆಯವರು ಗೃಹಪ್ರವೇಶದ ಕಾರ್ಡಿಗೆಂದು ಬಂದಿದ್ದರು. ಮಿಸ್ ಅದನ್ನು ಮನಸ್ಸಿಟ್ಟು ಮಾಡಿದರು. ಕೆಳಗಡೆ ಬಲಮೂಲೆಯಲ್ಲಿ ಒಂದು ಪುಟ್ಟ ದೀಪ. ಎಡಕ್ಕೆ ಒತ್ತಿ ನಾಲ್ಕು ಸಾಲು ಬರಹ. ಮಿಕ್ಕದ್ದೆಲ್ಲ ಬಿಳಿ. ಅಷ್ಟು ಚೆಂದದ ಕಾರ್ಡನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಆ ಮನೆಯ ಹಿರಿಯರು ಕಾರ್ಡನ್ನು ಕೈಯಲ್ಲಿ ಹಿಡಿದವರು ಕುರ್ಚಿಯ ಮೇಲೆ ಕೂರಲೇ ಇಲ್ಲ.

"ಇದೇನವ್ವ, ಶಿವಗಣಾರಾಧನೆ ಕಾರ್ಡಿದ್ದಂಗದೆ. ಮನೆಗೆ ಕಾಲ್ ಮಡಗಕ್ ಮುಂಚೇನೇ ಯಾರ್ನ ಕಳುಸ್ಬುಟ್ಟೆ?"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಶುಭ ಎಂದರೆ ತುಂಬಿರಬೇಕು. ದೇವರು, ಮನೆದೇವರು, ಗುರುಗಳು, ಕಳಶ, ನಾಲ್ಕು ಮೂಲೆಗೂ ಅರಿಶಿನ. ಬಣ್ಣವಿಲ್ಲದೆ, ಅರಿಶಿನ ಮುಟ್ಟಿಸದೆ, ಬಿಳಿಯಾಗಿ ಮನೆಗೆ ಬರುವುದು ಸಾವಿನ ಹನ್ನೊಂದನೆಯ ದಿನದ ಶಿವಗಣಾರಾಧನೆಯ ಕಾರ್ಡು ಒಂದೇ. ಅಂಥ ಕಾರ್ಡನ್ನು ಎಷ್ಟೋ ಜನ ಒಳಗೂ ತರುವುದಿಲ್ಲ, ಓದಿ ಹೊರಗೇ ಹರಿದು ಹಾಕುತ್ತಾರೆ. ಕಾಡಂಚಿನ ಊರಲ್ಲಿ ಬೆಳೆದ ಮಿಸ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಕಾರ್ಡು ಚೆನ್ನಾಗಿ ಬಂದ ಸಂಭ್ರಮದಲ್ಲಿ ಮರೆತುಬಿಟ್ಟಿದ್ದರು. ಸುದ್ದಿ ಊರೆಲ್ಲ ಹರಡಿತು. ಸಾವಿನ ಕಾರ್ಡಿನ ಮೇಡಂ ಎಂಬ ಹೆಸರು ಅಂಟಿಕೊಂಡಿತು. ಲಗ್ನದ ಕೆಲಸ ಹಿಡಿದುಕೊಂಡು ಆ ಮೆಟ್ಟಿಲು ಹತ್ತುವವರೇ ಇಲ್ಲವಾದರು.

ಒಂದೆರಡು ದೇವರ ಚಿತ್ರ ಹಾಕಿ ಹೊಟ್ಟೆ ಹೊರೆದುಕೊಳ್ಳಬಹುದಿತ್ತು. ಹಾಕಲಿಲ್ಲ. ಅವರದು ಆದರ್ಶವೋ ಜಂಬವೋ ನನಗೆ ಈಗಲೂ ಗೊತ್ತಿಲ್ಲ, ಎರಡೂ ಇತ್ತೇನೋ. ವಾಪಸು ಬಂದ ಆ ಕಾರ್ಡುಗಳನ್ನು ಕಟ್ಟು ಕಟ್ಟುವಾಗ ನಾನು, ಕಾಗೆ ಇಬ್ಬರೂ ಇದ್ದೆವು. ಮಿಸ್ ತಲೆ ಎತ್ತದೆ ಹೇಳಿದರು: "ನಾಳಿಕ್ಕೆ ನಾನ್ ಸತ್ತಾಗ ಹಿಂಗೇ ಖಾಲಿ ಬುಟ್ಟು ಒಂದ್ ಮಾಡಿ. ಆಗ ಯಾರೂ ತಪ್ಪು ಹಿಡಿಯಕಿಲ್ಲ. ನನ್ ಮೊಕ ಮಾತ್ರ ಆ ಸರ್ಕಲ್ನಲ್ಲಿ ನೇತಾಕ್ಬ್ಯಾಡಿ."

ನಾವಿಬ್ಬರೂ ನಕ್ಕೆವು... ಹೂಂ ಎಂದೂ ಅಂದೆವು.

ಆಮೇಲೆ ಸೆಂಟರ್ ಮುಚ್ಚಿತು. ನಾನು ಮದುವೆಯಾಗಿ ಚಾಮರಾಜನಗರಕ್ಕೆ ಬಂದೆ. ಮಿಸ್ ಪುಣಜನೂರಿಗೇ ಹೋದರೆಂದು ಕೇಳಿದ್ದೆ. ಒಂದು ಸಲ ಹೋಗಿ ನೋಡಿಕೊಂಡು ಬರಬೇಕು ಎಂದುಕೊಳ್ಳುತ್ತಾ... ಹೋದ ವರ್ಷ ಅವರು ತೀರಿಕೊಂಡರು ಎಂದು ಫೋನು ಬಂತು. ಮಾಡಿದವನು ಕಾಗೆ. ಈಗ ಅವನು ಗುಂಡ್ಲುಪೇಟೆಯ ದೊಡ್ಡ ಫ್ಲೆಕ್ಸ್ ಅಂಗಡಿಯ ಯಜಮಾನ. ಫೋನಿನ ಹಿಂದೆಯೇ ವಾಟ್ಸ್ಯಾಪಿನಲ್ಲಿ ಡಿಸೈನೂ ಬಂತು. ಚೆನ್ನಾಗದಾ ನೋಡಿ ಹೇಳಕ್ಕ ಎಂದಿದ್ದ.

ನೋಡಿದೆ. ನಮ್ಮ ಕಡೆಯ ಅಂಗಡಿಗಳಲ್ಲೆಲ್ಲ ಸಿದ್ಧ ಮೈಗಳಿರುತ್ತವೆ. ಗಂಡಸಿಗೆ ಕೋಟಿನ ಮೈ, ಹೆಂಗಸಿಗೆ ರೇಷ್ಮೆ ಸೀರೆಯ ಮೈ. ಸತ್ತವರ ತಲೆ ತಂದು ಅಂಟಿಸುವುದಷ್ಟೇ ಕೆಲಸ. ಜನ್ಮವೆಲ್ಲ ಮಾಸಲು ಕಾಟನ್ ಸೀರೆಯಲ್ಲಿ ಕಳೆದ ಮಿಸ್‌ನ ತಲೆ, ಕಾಸಿನ ಸರ ಹಾಕಿಕೊಂಡ ಯಾರದೋ ದಪ್ಪ ಮೈ ಮೇಲೆ ಕೂತಿತ್ತು. ಕಪ್ಪಗಿದ್ದವರನ್ನು ಮೈದಾಹಿಟ್ಟಿನ ಬಣ್ಣಕ್ಕೆ ತಿರುಗಿಸಿದ್ದ. ಹಿಂದೆ ಸೂರ್ಯಾಸ್ತ, ಪಾರಿವಾಳ, ಮೋಡ, ಅಕ್ಕಪಕ್ಕ ಉರಿಯುವ ದೀಪ, ಕಮಲ. ಅದರ ಮೇಲೆ, ಮತ್ತೆ ಹುಟ್ಟಿ ಬನ್ನಿ ಎಂಬ ಸಾಲು. ಕೆಳಗೆ ದುಃಖತಪ್ತ ಶಿಷ್ಯವೃಂದ ಎಂದು ಅವರು ಕಲಿಸಿದವರೆಲ್ಲರ ಮುಖ, ಮುಖದ ಕೆಳಗೆ ಅಂಗಡಿಯ ಹೆಸರು. ನನ್ನದೂ ಇತ್ತು, ಮದುವೆಯ ಫೋಟೋದಿಂದ ಕತ್ತರಿಸಿದ್ದು, ಬಾಸಿಂಗದ ತುದಿ ಸಮೇತ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದರು ಆ ಪುಣ್ಯಾತ್ಗಿತ್ತಿ, ಅಷ್ಟು ವರ್ಷ.

ಫೋನು ಮಾಡಿದೆ. "ಮಿಸ್ ಏನ್ ಹೇಳಿದ್ರು ಅನ್ನೋದು ಮರ್ತೋಯ್ತೇನಪ್ಪ?"

"ಮರ್ತಿಲ್ಲ ಕಣಕ್ಕ" ಎಂದ. ದನಿ ಒಡೆದಿತ್ತು, ಅಳುತ್ತಿದ್ದನೆಂದು ಆಮೇಲೆ ಹೊಳೆಯಿತು. "ಖಾಲಿ ಬುಟ್ರೆ ಜನ ಏನಂದಾರು? ಅಷ್ಟ್ ಜನಕ್ಕೆ ಕಲುಸುದ್ಲು, ಒಬ್ನೂ ಬರ್ನಿಲ್ಲ ಅಂತರೆ. ನಮ್ಮ್ ಮೊಕ ಇಲ್ದಿದ್ರೆ ಅವ್ರು ಯಾರೂ ಇಲ್ದೋರು ಅಂದ್ಕತರೆ."

ಅವನ ದುಃಖ ನಿಜವಾದದ್ದು, ಅವನ ಫ್ಲೆಕ್ಸ್ ಅಸಹ್ಯವಾದದ್ದು. ಬದುಕಿದ್ದಾಗ ಜಾಗ ಬಿಟ್ಟರೆ ಸಾವಿನ ಕಾರ್ಡು ಎಂದ ಊರು, ಸತ್ತ ಮೇಲೆ ಜಾಗ ಬಿಟ್ಟರೆ ದಿಕ್ಕಿಲ್ಲದವಳು ಎನ್ನುತ್ತದೆ. ಒಟ್ಟಿನಲ್ಲಿ ಜಾಗ ಬಿಡುವ ಹಾಗಿಲ್ಲ. ಪೋದುಂ ಕಣಪ್ಪ, ಎಂದು ಫೋನು ಇಟ್ಟೆ.

ಆ ಸಂಜೆ ನಾನೂ ಒಂದು ಮಾಡಿದೆ. ಪೂರ್ತಿ ಬಿಳಿ. ಮೇಲೆ ಬಲಕ್ಕೆ ಹೊರಟು ನಿಂತ ಒಂದು ಕಪ್ಪು ಚೌಕ. ಕೆಳಗೆ ಎಡದಲ್ಲಿ ಅವರ ಹೆಸರು. ಕಾಗೆಗೆ ಕಳಿಸಿ, ಮೊದಲನೆಯದನ್ನು ಬಿಟ್ಟು ಇದನ್ನು ಹಾಕು ಎಂದು ಬೇಡಿಕೊಂಡೆ. ಅವನು ನನ್ನ ಮಾತು ತೆಗೆದುಹಾಕಲಾರದೆ ಎರಡನ್ನೂ ಪ್ರಿಂಟ್ ಮಾಡಿಸಿದ. ಮುಖಗಳಿದ್ದದ್ದು ಸರ್ಕಲ್ಲಿಗೆ ಹೋಯಿತು. ಮಿಸ್ ಯಾವುದನ್ನು ಬೇಡವೆಂದಿದ್ದರೋ ಅದೇ ಆಯಿತು. ನನ್ನದನ್ನು ಬೇಕರಿಯ ಪಕ್ಕದ ಸಂದಿಯಲ್ಲಿ ಕಟ್ಟಿಸಿದ. ನಾನು ಹೋಗಿ ನಿಂತಿದ್ದಾಗ ಬೇಕರಿಗೆ ಬಂದವರೊಬ್ಬರು, ಇಂಕು ಮುಗಿದು ಅರ್ಧಕ್ಕೇ ನಿಂತುಹೋಯಿತೇ ಎಂದು ವಿಚಾರಿಸಿದರು.

ಮೊನ್ನೆ ಆ ಬೆರಣಿಯ ಮುಂದೆ ನಿಂತು ಇದೆಲ್ಲ ತಲೆಯಲ್ಲಿ ಸುಳಿಯುತ್ತಿರುವಾಗ ಫ್ಲೆಕ್ಸ್ ಕಟ್ಟುವವನ ಹೆಂಡತಿ ಹೊರಗೆ ಬಂದಳು. ದಿನ ಮುಗಿದ ಫ್ಲೆಕ್ಸುಗಳನ್ನೆಲ್ಲ ಬಿಚ್ಚಿ ಮನೆಗೆ ತರುವುದು ಅವನ ಪದ್ಧತಿ. ಇದನ್ನು ನಾನು ತೆಗೆದುಕೊಂಡು ಹೋಗಲೇ ಎಂದು ಕೇಳಿದೆ. "ತಕ್ಕಂಡೋಗವ್ವ, ಬೇಕಾದಂಗವೆ" ಎಂದಳು. ಕಲ್ಲು ತೆಗೆದು, ಕೋಳಿಯ ಗಲೀಜು ಒರೆಸಿ, ಮುಖ ಒಳಗೆ ಬರುವಂತೆ ಸುತ್ತಿದೆ. ಕೈಯೆಲ್ಲ ನಾತ. ಇದರ ಜೊತೆಗೆ ಬಿಳಿಯದೊಂದು ಇತ್ತಲ್ಲ ಎಂದೆ.

"ಅದಾ? ಅದ ಕೊಡಕಿಲ್ಲ ಕಣವ್ವ. ಮೊಕ ಗಿಕ ಏನೂ ಇಲ್ದೆ ಚೆಂದಾಗದೆ. ಸಂಡಿಗೆಗೆ ಮಡಿಕಂಡಿವ್ನಿ."

ತಾರಸಿಗೆ ಕರೆದುಕೊಂಡು ಹೋದಳು. ನನ್ನ ಬಿಳಿ ಫ್ಲೆಕ್ಸಿನ ತುಂಬ ಅಕ್ಕಿ ಸಂಡಿಗೆ ಒಣಗುತ್ತಿತ್ತು. ಆ ಇಂಕಿನ ಮೇಲೆ ಒಣಗಿದ್ದನ್ನು ತಿನ್ನುವವರ ಗತಿ ಏನೋ. ಕಪ್ಪು ಚೌಕ ಕಾಣುತ್ತಲೇ ಇರಲಿಲ್ಲ, ಕಪ್ಪಿನ ಮೇಲೆ ಬಿರ್ರನೆ ಒಣಗುತ್ತದೆಂದು ಅಲ್ಲಿ ಒತ್ತೊತ್ತಾಗಿ ಇಟ್ಟಿದ್ದಳು. ಉಳಿದ ಕಡೆ ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿಯಾಗಿ ಇದ್ದವು. ಎಡಮೂಲೆಗೆ ಬಂದಾಗ ಮಾತ್ರ ಸಂಡಿಗೆಯ ಸಾಲು ನಿಂತುಹೋಗಿತ್ತು. ಹೆಸರಿನ ಸುತ್ತ ಗೇಣಗಲ ಜಾಗ ಬಿಟ್ಟಿದ್ದಳು.

ಅಲ್ಲಿ ಯಾಕೆ ಹಾಕಿಲ್ಲ ಎಂದು ಕೇಳಿದೆ.

"ತೀರೋದೋರ ಹೆಸ್ರಲ್ವಾ" ಎಂದಳು.

ನಾನು ಅರೆಗಣ್ಣು ಮಾಡಿದೆ. ಸಂಡಿಗೆಗಳೆಲ್ಲ ಬಿಳುಪಿನಲ್ಲಿ ಕರಗಿದವು. ಕಣ್ಣು ನೇರವಾಗಿ ಅವರ ಹೆಸರಿಗೆ ಹೋಗಿ ಕೂತಿತು. ಮೊದಲು ಎಲ್ಲಿಗೆ ಹೋಯಿತು ಎಂದು ಕೇಳುವವರು ಇರಲಿಲ್ಲ.