ತನ್ಮಯಿ ಅಚ್ಚುಹಾಕಿದ ಒರತೆ

ಡೆಟ್ರಾಯ್ಟ್ ಹತ್ತಿರದ ನಾರ್ತ್‌ವಿಲ್‌ನ ತನ್ಮಯಿ ಮೈಸೂರಿನಲ್ಲಿ ಬಟ್ಟೆಯ ಡಿಸೈನ್ ಕಲಿತು ಬಂದವಳು. ಗಂಡನ ವೀಸಾದ ಮೇಲೆ ಬಂದದ್ದರಿಂದ ಒಂಬತ್ತು ವರ್ಷ ಕೆಲಸ ಮಾಡುವ ಹಾಗಿರಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ವಾರವೇ ಬೇಸ್‌ಮೆಂಟಿನಲ್ಲಿ ಉದ್ದನೆಯ ಮೇಜು ಹಾಕಿ, ಹತ್ತಿ ಬಟ್ಟೆಗೆ ಕೈಯಲ್ಲೇ ಅಚ್ಚುಹಾಕಿ ಕುರ್ತಾ ಹೊಲಿಯತೊಡಗಿದಳು. ಮೊದಮೊದಲು ಹಂಸ, ಮಾವಿನಕಾಯಿ, ಬಳ್ಳಿ. "ಇಂಥದ್ದು ಊರಿಂದ ಬರುವಾಗ ಸೂಟ್‌ಕೇಸಲ್ಲೇ ತರ್ತೀವಲ್ಲ" ಅಂತ ಮೇಳಗಳಲ್ಲಿ ಜನ ಮುಟ್ಟಿ ನೋಡಿ ಮುಂದೆ ಹೋಗುತ್ತಿದ್ದರು.

ಆಮೇಲೆ ಬಂದದ್ದು 'ಒರತೆ'. ಒಂದರೊಳಗೊಂದು ಸುತ್ತುಗಳು, ಸುತ್ತಲೂ ಸಾವಿರಾರು ಚುಕ್ಕೆ, ಹೊರಕ್ಕೆ ಹರಿಯುವ ಗೆರೆಗಳು, ಕೆಮ್ಮಣ್ಣಿನ ಬಣ್ಣ. ಹತ್ತಿರದ ಊರು ಟ್ರಾಯ್‌ನ ಯುಗಾದಿ ಮೇಳದಲ್ಲಿ ಊಟದ ಹೊತ್ತಿಗೆ ಒಂದೂ ಉಳಿಯಲಿಲ್ಲ. ಯಾರು ಕೇಳಿದರೂ ತನ್ಮಯಿ "ನನ್ನದೇ ಡಿಸೈನ್" ಅನ್ನುತ್ತಿದ್ದಳು. ನಿಜವಾಗಿ ಅದು ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅಬೊರಿಜಿನಲ್ ಜನರ ಚಿತ್ರ. ಫೋನಿನಲ್ಲಿ ಕಂಡದ್ದನ್ನು ದೊಡ್ಡದು ಮಾಡಿ, ಹಾಳೆಯಿಟ್ಟು ಎತ್ತಿಕೊಂಡಿದ್ದಳು. ಹದಿನಾರರ ಮಗಳು ಸಿಯಾ ಪಕ್ಕದಲ್ಲೇ ಹೋಂವರ್ಕ್ ಮಾಡುತ್ತ ಅದನ್ನು ನೋಡಿದ್ದಳು.

ಕಳೆದ ಅಕ್ಟೋಬರಿನಲ್ಲಿ ಡೆಟ್ರಾಯ್ಟ್‌ನಲ್ಲಿ ಎರಡು ಸಂಜೆಗಳ ಬಟ್ಟೆ ಪ್ರಿಂಟಿಂಗ್ ತರಗತಿ ನಡೆಯಿತು. ಕಲಿಸಲು ಬಂದಿದ್ದವಳು ಲೋರ್ನಾ, ಅಬೊರಿಜಿನಲ್ ಹೆಂಗಸು. ಅವಳು ತಂದಿದ್ದ, ತನ್ನೂರಿನ ಕಲಾಕೇಂದ್ರದಲ್ಲಿ ಅಚ್ಚಾದ ಬಟ್ಟೆಗಳ ಒಂದೊಂದು ತುಂಡಿಗೂ ಚಿತ್ರ ಬರೆದವರ ಹೆಸರಿನ ಚೀಟಿ ಇತ್ತು. ತನ್ಮಯಿ ಮಗಳ ಜೊತೆ ಹೋದಳು. ಅವತ್ತು ಹಾಕಿಕೊಂಡದ್ದು ಒರತೆಯ ಕುರ್ತಾ, ಮೆಚ್ಚುತ್ತಾರೆ ಅನ್ನುವ ಆಸೆಯಿಂದಲೇ.

ಲೋರ್ನಾ ಹತ್ತಿರ ಬಂದು ತೋಳಿನ ಅಂಚು ಹಿಡಿದಳು. "ಇದನ್ನ ಯಾರು ಮಾಡಿದ್ದು?"

"ನಾನೇ. ನನ್ನದೇ ಡಿಸೈನ್." ಬಾಯಿಗೆ ಅಭ್ಯಾಸವಾಗಿತ್ತು, ಬಂದುಬಿಟ್ಟಿತು.

ಲೋರ್ನಾ ತೋಳು ಬಿಟ್ಟಳು. "ನಮ್ಮ ಚಿಕ್ಕಮ್ಮನ ನೆಲದಲ್ಲಿ ಇಂಥದೇ ಒರತೆ ಇದೆ. ಅದನ್ನ ಬರೆಯೋ ಹಕ್ಕು ಅವರಿಗೆ, ಅವರ ಹೆಣ್ಣುಮಕ್ಕಳಿಗೆ ಮಾತ್ರ" ಎಂದಷ್ಟೇ ಹೇಳಿ ಬೇರೆ ಮೇಜಿನ ಕಡೆ ನಡೆದಳು.

ತನ್ಮಯಿಗೆ ಮುಖ ಎತ್ತಲಾಗಲಿಲ್ಲ. ಮೇಲಿನ ಕೋಟು ಹಾಕಿಕೊಂಡು, ಬಿಸಿ ಕೋಣೆಯಲ್ಲಿ ಬೆವರುತ್ತ ತರಗತಿ ಮುಗಿಯುವವರೆಗೂ ಕೂತಳು. ಕಾರಿನಲ್ಲಿ ಹೆದ್ದಾರಿಯ ಮೂರು ಎಗ್ಸಿಟ್ ದಾಟಿದ ಮೇಲೆ ಸಿಯಾ ಕೇಳಿದಳು: "ಅಮ್ಮಾ, ವೈ ಡಿಡ್ ಯು ಲೈ?"

ಮರುದಿನ ಸಂಜೆ ಕುರ್ತಾವನ್ನು ಚೀಲದಲ್ಲಿಟ್ಟುಕೊಂಡು ಬೇಗ ಹೋಗಿ ಲೋರ್ನಾಳ ಮುಂದೆ ನಿಂತಳು. "ನಿನ್ನೆ ಸುಳ್ಳು ಹೇಳಿದೆ. ಫೋಟೊ ನೋಡಿ ಕದ್ದದ್ದು."

"ನನಗಲ್ಲ, ಚಿಕ್ಕಮ್ಮನಿಗೆ ಹೇಳಿ." ಲೋರ್ನಾ ವಿಡಿಯೊ ಕಾಲ್ ಮಾಡಿದಳು. ಅಲ್ಲಿ ಆಗ ಬೆಳಿಗ್ಗೆ. ಮುದುಕಿಯೊಬ್ಬಳು ಟೀ ಕುಡಿಯುತ್ತ ಕೂತಿದ್ದಳು. ತನ್ಮಯಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕುರ್ತಾ ತೋರಿಸಲು ಹೇಳಿ, ಬಹಳ ಹೊತ್ತು ನೋಡಿದಳು.

"ಎಡಗಡೆ ಒಂದು ಗೆರೆ ಇರಬೇಕಿತ್ತು. ಎಲ್ಲಿ?"

"ಕುತ್ತಿಗೆಯ ಹತ್ತಿರ ಚೆನ್ನಾಗಿ ಕೂರಲಿಲ್ಲ. ತೆಗೆದುಬಿಟ್ಟೆ."

"ನಮ್ಮವ್ವ ನೀರು ಹುಡುಕಿಕೊಂಡು ನಡೆದು ಬಂದ ದಾರಿ ಅದು" ಎಂದಳು ಮುದುಕಿ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಇನ್ನು ಅಚ್ಚುಹಾಕಬೇಡ."

ಬೈದಿದ್ದರೆ ಹಗುರವಾಗುತ್ತಿತ್ತು ಅಂತ ತನ್ಮಯಿಗೆ ಇವತ್ತಿಗೂ ಅನ್ನಿಸುತ್ತದೆ.

ಮನೆಗೆ ಬಂದು ಒರತೆಯ ಅಚ್ಚಿದ್ದ ಜಾಲರಿ ಸ್ಕ್ರೀನ್ ಹರಿದುಹಾಕಿದಳು. ಕುರ್ತಾ ಕೊಂಡವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆದು, ವಾಪಸ್ ಕೊಟ್ಟರೆ ತೆಗೆದುಕೊಳ್ಳುತ್ತೇನೆ ಎಂದಳು. ಅವರಲ್ಲಿ ಪದ್ಮಮ್ಮ ಆಂಟಿ ತಮ್ಮದನ್ನು ಒಗೆದು, ಇಸ್ತ್ರಿ ಮಾಡಿ ತಂದುಕೊಟ್ಟರು. "ತಪ್ಪು ಒಪ್ಕೊಂಡೆ, ಸರಿ. ಆದರೆ ನಾನೂ ಇದನ್ನ ಹಾಕ್ಕೊಂಡು ಎಲ್ಲರ ಹತ್ರ ಹೊಗಳಿಸ್ಕೊಂಡೆನಲ್ಲಮ್ಮ" ಎಂದರು. ಉಳಿದವರಲ್ಲಿ ಹೆಚ್ಚಿನವರು, "ಆಸ್ಟ್ರೇಲಿಯಾದಿಂದ ಯಾರು ಬಂದು ನೋಡ್ತಾರೆ ಬಿಡ್ರೀ" ಎಂದು ನಗುವ ಮುಖ ಹಾಕಿ ಸುಮ್ಮನಾದರು.

ತನ್ಮಯಿ ಕಲಾಕೇಂದ್ರಕ್ಕೆ ಮೂರು ಸಲ ಪತ್ರ ಬರೆದ ಮೇಲೆ ಉತ್ತರ ಬಂತು. ಒರತೆಗೆ ಅನುಮತಿ ಇಲ್ಲ. ಬೇರೆ ಕಲಾವಿದರು ಒಪ್ಪಿ ಅಚ್ಚುಹಾಕಿಸಿದ ಬಟ್ಟೆ ಬೇಕಾದರೆ ಕೊಳ್ಳಬಹುದು, ಅವರ ಪಾಲು ಅವರಿಗೆ ಸಲ್ಲುತ್ತದೆ. ಈಗ ಅದನ್ನೇ ತರಿಸಿ, ಹೆಸರಿನ ಚೀಟಿ ಕೀಳದೆ ಹೊಲಿಯುತ್ತಾಳೆ. ಕೇಳಿದವರಿಗೆ "ಹೊಲಿಗೆ ಮಾತ್ರ ನನ್ನದು" ಅನ್ನುತ್ತಾಳೆ.

ಹೋದ ತಿಂಗಳು ದೇವಸ್ಥಾನದಲ್ಲಿ ಮಾನಸ ಎನ್ನುವ ಗೆಳತಿ ಅದೇ ಒರತೆಯ ಕುರ್ತಾದಲ್ಲಿ ಎದುರಾದಳು. "ಬೇಜಾರ್ ಮಾಡ್ಕೋಬೇಡ, ನಂಗಿದು ತುಂಬಾ ಇಷ್ಟ ಕಣೇ" ಎಂದಳು. ಮಂಗಳಾರತಿಗೆ ಎಲ್ಲರೂ ಮುಂದೆ ಹೋದಾಗ ತನ್ಮಯಿ, ತಾನೇ ಮಾರಿದ ಆ ಕುರ್ತಾದ ಬೆನ್ನನ್ನು ನೋಡುತ್ತ, ಕಂಬದ ಪಕ್ಕದಲ್ಲೇ ನಿಂತುಬಿಟ್ಟಳು.