ಒಂದೇ ಹೊಟ್ಟೆಯ ನೀರುನಾಯಿಗಳು

ಆತ ಹೇಡಿ. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಅಳಿಯುತ್ತಿರುವ ನೀರುನಾಯಿಗಳ ಸಂತಾನ ಉಳಿಸುವ ಕೇಂದ್ರದಲ್ಲಿ ಬೋನುಗಳನ್ನು ನೋಡಿಕೊಳ್ಳುತ್ತಿದ್ದ ಅವನಿಗೆ ಜೊತೆಯವರು ಇಟ್ಟ ಹೆಸರು ‘ಆಯ್ತು ಸಾರ್’. ರಜೆ ಇಲ್ಲವೆಂದರೂ ಅದೇ ಮಾತು, ತನ್ನದಲ್ಲದ ತಪ್ಪಿಗೆ ಬೈಸಿಕೊಂಡರೂ ಅದೇ ಮಾತು.

ಅಲ್ಲಿನ ಮುದಿ ಹೆಣ್ಣು ನೀರುನಾಯಿ ಹಿಂದಿನ ಸೂಲುಗಳಲ್ಲಿ ಈದ ಮರಿಗಳ ಅಂಗುಳು ಕೂಡಿರಲಿಲ್ಲ. ಹಾಲು ಹೀರಲಾರದೆ ಸತ್ತವು. ಹೂತವನು ಅವನೇ. ಕೇಂದ್ರದೊಳಗಿನ ರಕ್ತವನ್ನೇ ಮತ್ತೆ ಮತ್ತೆ ಬೆರೆಸಿದ್ದರ ಫಲ ಅದು. ಹಾಗಾಗಿ ದೂರದ ಇನ್ನೊಂದು ಕೇಂದ್ರದಿಂದ ಗಂಡೊಂದನ್ನು ತರಿಸಿದರು. ಹೆಣ್ಣು ಬೆದೆಗೆ ಬಂತು. ಎರಡು ಬೋನುಗಳ ನಡುವಿನ ಬಾಗಿಲು ತೆರೆಯುವ ದಿನ, ಅಲ್ಲಿಯ ಪ್ರಯೋಗಾಲಯದಲ್ಲಿದ್ದ ಅವನ ಅಕ್ಕನ ಮಗಳು ಓಡಿ ಬಂದಳು.

“ಮಾವ, ಬಾಗಿಲು ತೆಗೀಬೇಡಿ. ಕೂದಲಿನ ಡಿಎನ್‌ಎ ನೋಡಿದೆ. ಎರಡೂ ಒಂದೇ ಹೊಟ್ಟೇವು. ಹಿಂದೆ ನಾವೇ ಆ ಕೇಂದ್ರಕ್ಕೆ ಮರಿ ಕೊಟ್ಟು ಮರೆತಿದ್ದೀವಿ.”

“ಡೈರೆಕ್ಟರಿಗೆ ಹೇಳಿದ್ಯಾ?”

“ಹೇಳ್ದೆ. ನೋಡೋಕೆ ಅತಿಥಿಗಳು ಬಂದಾಗಿದೆ, ಮರಿ ಆದ್ರೆ ಸಾಕು ಅಂದ್ರು. ಆ ಮುದಿ ಹೆಣ್ಣಿಗೆ ಉಳಿದಿರೋದು ಒಂದೇ ಸೂಲು, ಮಾವ. ಸಂಬಂಧವಿಲ್ಲದ ಗಂಡು ಬೇರೆ ಕಡೆ ಇದೆ, ಮುಂದಿನ ಬೆದೆಗೆ ತರಿಸಬಹುದು. ಒಂದ್ಸಲ ಆದ್ರೂ ‘ಆಗಲ್ಲ’ ಅನ್ನಿ.”

“ನಿಮ್ಮತ್ತೆ ಮುಂದೇನೇ ಅಂದವನಲ್ಲ ನಾನು.”

“ಅತ್ತೆಗೆ ಹೆದರೋದು ಬುದ್ಧಿವಂತಿಕೆ. ಇದು ಬರೀ ಪುಕ್ಕಲುತನ.”

ಅವನು ಕೀಲಿ ತೆಗೆದುಕೊಂಡು ಬೋನಿನತ್ತ ನಡೆದ.

ಅತಿಥಿಗಳು ಗಾಜಿನ ಗೋಡೆಯಾಚೆ ನೆರೆದರು. ಬೋನಿನಲ್ಲಿ ಸದ್ದೇ ಇರಲಿಲ್ಲ. ಕೊಳದ ನೀರು ಕಪ್ಪಗೆ ನಿಂತಿತ್ತು. ಗಂಡು ಬಾಗಿಲಿನ ಜಾಲರಿಗೆ ಮೂಗೊತ್ತಿ ಅಲುಗದೆ ಕಾಯುತ್ತಿತ್ತು. ಆಚೆಯಿಂದ ಹೆಣ್ಣೂ ಹಾಗೆಯೇ. ಅದೇ ಅಗಲ ಹಣೆ, ಗಂಟಲಲ್ಲಿ ಅದೇ ಬಿಳಿ ಮಚ್ಚೆ. ಕನ್ನಡಿಯ ಮುಂದೆ ಒಂದೇ ಪ್ರಾಣಿ ಕುಳಿತಂತಿತ್ತು.

“ಏನಪ್ಪಾ, ಬೇರು ಬಿಟ್ಟೆಯಾ? ತೆಗಿ!” ಎಂದರು ನಿರ್ದೇಶಕರು.

“ಆಯ್ತು ಸಾರ್.”

ಅವನು ಬೀಗಕ್ಕೆ ಕೀಲಿ ಹಾಕಿದ. ವರ್ಷಗಟ್ಟಲೆ ತಾನೇ ತೆರೆದ ಬೀಗ. ಈಗ ಕೀಲಿಯನ್ನು ಉಲ್ಟಾ ತಿರುಗಿಸಿದ. ಎರಡೂ ಕೈ ಹಚ್ಚಿ, ಕತ್ತಿನ ನರ ಉಬ್ಬುವ ತನಕ. ಕೀಲಿ ಬೀಗದೊಳಗೇ ಮುರಿಯಿತು. ಬೀಗವನ್ನು ಗರಗಸದಿಂದ ಕೊಯ್ದರೆ ಆ ಸದ್ದಿಗೆ ಬೆದರಿದ ಹೆಣ್ಣು ಈ ಬೆದೆಯಲ್ಲಿ ಯಾವ ಗಂಡನ್ನೂ ಹತ್ತಿರ ಬಿಡದೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

“ತಪ್ಪಾಯ್ತು ಸಾರ್,” ಎಂದು ತಲೆ ತಗ್ಗಿಸಿದ. ಕೈಯಲ್ಲುಳಿದ ತುಂಡನ್ನು ಅಂಗಿಗೆ ಒರೆಸಿ, ನಿರ್ದೇಶಕರ ಅಂಗೈ ಬಿಡಿಸಿ, ಅದರಲ್ಲಿಟ್ಟ.