ಕೆಟ್ಟರೆ ಹದಿನಾಲ್ಕಕ್ಕೆ ಕರೆ ಮಾಡಿ

ಕೊಡೆ ಕೊಳ್ಳುವುದಕ್ಕೂ ಪಟ್ಟಿ ಹಾಕುವ ಮನುಷ್ಯ ಅವನು. ಹಿಡಿಕೆ, ಬಟ್ಟೆ, ಕಡ್ಡಿ, ಬೆಲೆ ಎಂದು ಗೆರೆ ಎಳೆದು, ಅಂಕ ಕೊಟ್ಟು, ಕೂಡಿ, ಗೆದ್ದ ಕೊಡೆಯನ್ನು ತರಲು ಹೊರಡುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತಿತ್ತು. ಒಮ್ಮೆ ಹಲ್ಲಿನ ಡಾಕ್ಟರನ್ನು ಆರಿಸುವಷ್ಟರಲ್ಲಿ ಹಲ್ಲೇ ಬೇಸತ್ತು ಉದುರಿತ್ತು. ಕಚೇರಿಯವರು ಅವನಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಬಿರುದೆಂದೇ ತಿಳಿದು ಎದೆಯುಬ್ಬಿಸಿ ನಡೆಯುತ್ತಿದ್ದ.

"ನನಗೂ ಹೀಗೇ ಅಂಕ ಹಾಕಿ ಮದುವೆಯಾದ್ರೇನ್ರೀ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

"ಇದ್ದದ್ದೇ ಒಂದು ಹೆಸರು. ಒಂದಕ್ಕೆ ಪಟ್ಟಿ ಹಾಕೋದು ಹೇಗೆ?" ಎಂದು ಗಂಭೀರವಾಗಿ ಉತ್ತರಿಸಿ, ಎರಡು ದಿನ ತನ್ನ ಊಟ ತಾನೇ ಬಡಿಸಿಕೊಂಡಿದ್ದ.

ಲಿಫ್ಟಿನ ಬಿಡಿಭಾಗಗಳನ್ನು ಮಾರುವ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವನಿಗೆ ಕೆಲಸ. ಅಲ್ಲಿದ್ದ ಆರು ಜನರಲ್ಲಿ ಎಲ್ಲರಿಗಿಂತ ಹಿರಿಯಳು ಅಕ್ಕ. ಸಾಹೇಬರಿಗೂ ಅವಳು ಅಕ್ಕನೇ. ಆರ್ಡರ್ ತೆಗೆದುಕೊಳ್ಳುವ ಪ್ರೋಗ್ರಾಂ ಬರೆದವಳು ಅವಳು. ಅದರ ನರನಾಡಿಯೆಲ್ಲ ಅವಳ ತಲೆಯಲ್ಲಿತ್ತು, ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಯಾವ ಶಾಖೆಯಲ್ಲಿ ಏನೇ ಕೆಟ್ಟರೂ ಅವಳ ಮೇಜಿನ ಹದಿನಾಲ್ಕನೇ ನಂಬರಿನ ಫೋನು ಬಡಿದುಕೊಳ್ಳುತ್ತಿತ್ತು. ಕರೆ ಮಾಡಿದವರು ಯಾರು, ಎಲ್ಲಿಂದ ಎಂದು ಅಕ್ಕ ಯಾವತ್ತೂ ಕೇಳಿದವಳಲ್ಲ. "ಏನಾಯ್ತಪ್ಪಾ, ಹೇಳು" ಅನ್ನುತ್ತಿದ್ದಳು, ಅಷ್ಟೆ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ದುಡಿಯುವ ಕೈ ಇವಳೊಬ್ಬಳದೇ.

ಒಂದು ಬೆಳಗ್ಗೆ ಸಾಹೇಬರು ತಕ್ಕಡಿಯನ್ನು ಕೋಣೆಗೆ ಕರೆದರು.

"ಕಂಪ್ಯೂಟರ್ ಕೆಲಸನೆಲ್ಲ ಹೊರದೇಶದ ಕಂಪನಿಗೆ ವಹಿಸೋಣ ಅಂತಿದ್ದೀವಿ. ಯಾವ ದೇಶ ಅಂತ ನೀವೇ ತೂಗಿ ಹೇಳ್ಬೇಕು. ಅವರ ಮೇಲೆ ಕಣ್ಣಿಡೋಕೆ ನೀವೊಬ್ಬರು ಇಲ್ಲೇ ಉಳೀತೀರಿ."

"ಮಿಕ್ಕವರು, ಸರ್?"

"ನೋಡ್ರೀ, ಒಂದು ಪರೀಕ್ಷೆ ಇಡಿ. ಕೆಟ್ಟ ಪ್ರೋಗ್ರಾಂ ಒಂದನ್ನ ಕಳಿಸಿ. ಒಂದು ದಿನದಲ್ಲಿ ಯಾರೂ ಸರಿ ಮಾಡ್ಲಿಲ್ಲ ಅಂದ್ರೆ ಕೆಲಸ ಇಲ್ಲೇ ಇರಲಿ. ಆಯ್ತಾ? ಅಲ್ಲೀತನಕ ಯಾರಿಗೂ ಉಸಿರು ಬಿಡಬೇಡಿ."

ಹೊರಗೆ ಬಂದಾಗ ಅವನ ಎದೆ ಎರಡು ಥರ ಹೊಡೆದುಕೊಳ್ಳುತ್ತಿತ್ತು. ಒಂದು ಭಯಕ್ಕೆ. ಇನ್ನೊಂದು, ಹೇಳಲು ನಾಚಿಕೆ, ಹೆಮ್ಮೆಗೆ. ಕೊಡೆ ತೂಗುತ್ತಿದ್ದವನ ಕೈಗೆ ದೇಶಗಳೇ ಬಂದಿದ್ದವು!

ಪಕ್ಷಪಾತ ನುಸುಳಬಾರದೆಂದು ನಾಲ್ಕು ದೇಶಗಳ ಹೆಸರು ಮುಚ್ಚಿ ಅ, ಆ, ಇ, ಈ ಎಂದು ಬರೆದ. ಸಂಬಳ, ಗಡಿಯಾರದ ಅಂತರ, ಭಾಷೆ, ಕರೆಂಟು, ಕಾನೂನು, ಗುಟ್ಟು ಕಾಯುವ ಗುಣ ಎಂದು ಕಾಲಂ ಎಳೆದ. ಮನೆಯಲ್ಲೂ ಅದೇ ಧ್ಯಾನ. "ದೇಶ ತೂಗೋ ದೊರೆಗಳೇ, ಸ್ವಲ್ಪ ಹಾಲು ತರ್ತೀರಾ?" ಎಂದು ಹೆಂಡತಿ ಕೂಗಿದರೂ ಕೇಳಿಸಲಿಲ್ಲ.

ಪರೀಕ್ಷೆಗೆ ಪ್ರೋಗ್ರಾಮನ್ನು ಕೆಡಿಸಬೇಕಲ್ಲ, ಅದಕ್ಕೂ ಅಕ್ಕನೇ ಬೇಕಾಯಿತು. "ಒಂದು ನಕಲು ಪ್ರತಿಯನ್ನ ಸ್ವಲ್ಪ ಹಾಳು ಮಾಡಿಕೊಡ್ತೀರಾ ಅಕ್ಕಾ?"

"ಎಲ್ಲರೂ ಸರಿ ಮಾಡು ಅಂತ ಬರ್ತಾರೆ, ನೀನೊಬ್ಬ ಹಾಳು ಮಾಡು ಅಂತ ಬಂದಿದ್ದೀಯಲ್ಲೋ. ಯಾಕೆ?"

"ಸುಮ್ನೆ. ಒಂದು ಪರೀಕ್ಷೆ."

ಅವಳು ನಗುತ್ತಲೇ ಮಾಡಿಕೊಟ್ಟಳು. ಒಂದೇ ಬಿಡಿಭಾಗವನ್ನು ಎರಡು ಸಲ ಆರ್ಡರ್ ಮಾಡಿದರೆ ಸಾಕು, ಪರದೆ ಕಲ್ಲಾಗಿ ನಿಲ್ಲುತ್ತಿತ್ತು.

'ಅ' ದೇಶದವರು ಮೂರು ದಿನ ತಿಣುಕಿದರು. 'ಆ' ದೇಶದವರು ನಲವತ್ತು ಪುಟದ ವರದಿ ಕಳಿಸಿದರು. ಪರದೆ ಮಾತ್ರ ಕಲ್ಲಾಗಿಯೇ ಇತ್ತು. 'ಈ' ದೇಶದವರು ಹೊಸ ಪ್ರೋಗ್ರಾಂ ಕೊಳ್ಳಿರೆಂದು ಸಲಹೆ ಕೊಟ್ಟರು. 'ಇ' ದೇಶದವರು ನಲವತ್ತು ನಿಮಿಷದಲ್ಲಿ ಸರಿ ಮಾಡಿ ಕಳಿಸಿದ್ದರು. ತಕ್ಕಡಿ ಒಂದು ಕ್ಷಣ ಬೆವತ. ಆದರೆ ಅಂಕ ಅಂಕವೇ. ಹತ್ತಕ್ಕೆ ಹತ್ತು ಹಾಕಿ ಪಟ್ಟಿಯನ್ನು ಸಾಹೇಬರ ಮೇಜಿನ ಮೇಲಿಟ್ಟ.

ಆ ಮಧ್ಯಾಹ್ನ ಚಹಾದ ಹೊತ್ತಿಗೆ ಅಕ್ಕ ಹೇಳಿದಳು: "ಅವತ್ತು ನೀನು ಹಾಳು ಮಾಡಿಸಿದ್ಯಲ್ಲ, ಅದೇ ತೊಂದರೆ ಅಂತ ಒಬ್ಬ ಫೋನ್ ಮಾಡಿದ್ದ ಕಣೋ. ಮಾತು ಒಂಥರಾ ಇತ್ತು. ಹೊಸ ಶಾಖೆಯವನೇನೋ ಅಂದ್ಕೊಂಡು ಹೇಳಿಕೊಟ್ಟೆ."

ಚಹಾ ಅಲ್ಲೇ ಬಿಟ್ಟು ಎದ್ದ. ತಕ್ಕಡಿ ಓಡಿಹೋಗಿ, ಕಳಿಸಿದ ಪ್ರತಿಯನ್ನು ತೆರೆದು ನೋಡಿದ. ಪರದೆಯ ಅಡಿಯಲ್ಲಿ ಕೆಂಪಕ್ಷರದ ಒಂದು ಸಾಲು: "ಕೆಟ್ಟರೆ ಹದಿನಾಲ್ಕಕ್ಕೆ ಕರೆ ಮಾಡಿ." ಪಕ್ಕದಲ್ಲಿ ಕಚೇರಿಯ ಪೂರ್ತಿ ಫೋನ್ ನಂಬರು. ಹನ್ನೊಂದು ವರ್ಷದ ಹಿಂದೆ ಆ ಸಾಲು ಹಾಕಿದವನು ಅವನೇ. ಹಸಿರೋ, ನೀಲಿಯೋ, ಕೆಂಪೋ ಎಂದು ಅದಕ್ಕೂ ಪಟ್ಟಿ ಮಾಡಿದ್ದ. ಉಳಿದ ಮೂರು ದೇಶದವರು ಜಾಣರು, ಆ ಸಾಲಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಸಾಹೇಬರ ಕೋಣೆಗೆ ಹೋದ. ತನ್ನ ಪಟ್ಟಿ ತಪ್ಪೆಂದು ತಾನೇ ಹೇಳುವುದು ಅವನ ಜೀವಮಾನದಲ್ಲಿ ಅದೇ ಮೊದಲು. 

"ಸರ್, 'ಇ' ದೇಶದವರು ಪಾಸಾಗಿಲ್ಲ. ಸರಿ ಮಾಡಿದ್ದು ನಮ್ಮ ಅಕ್ಕ. ಅಂದ್ರೆ ಯಾರೂ ಪಾಸಾಗಿಲ್ಲ. ಕೆಲಸ ಇಲ್ಲೇ ಇರಲಿ ಅಂದಿದ್ರಿ..."

ಸಾಹೇಬರು ಎಲ್ಲ ಕೇಳಿ ಕುರ್ಚಿಗೆ ಒರಗಿದರು. "ಗೊತ್ತಿಲ್ಲದಿದ್ರೆ ಗೊತ್ತಿದ್ದವರನ್ನ ಕೇಳೋ ಬುದ್ಧಿ ಇದೆಯಲ್ರೀ ಅವರಿಗೆ! ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಒಂದು ಸೇರಿಸಿ. ಅಕ್ಕನ್ನ ಆರು ತಿಂಗಳು ಇಟ್ಕೊಳ್ಳೋಣ, ಅವರಿಗೆಲ್ಲಾ ಹೇಳಿಕೊಡಲಿ. ಆಮೇಲೆ ನೋಡೋಣ. ವಿಷಯ ನೀವೇ ತಿಳಿಸಿಬಿಡಿ, ನಿಮ್ಮ ಮಾತು ಕೇಳ್ತಾರೆ."

ಅಕ್ಕ ಕಾಲ ಕೆಳಗೆ ಪುಟ್ಟ ಸ್ಟೂಲಿಟ್ಟುಕೊಂಡು ಕೂತಿದ್ದಳು. ಅವನು ಎದುರಿನ ಕುರ್ಚಿ ಎಳೆದುಕೊಂಡು ಎಲ್ಲ ಹೇಳಿದ. ಪಟ್ಟಿ, ಪರೀಕ್ಷೆ, ಕೆಂಪು ಸಾಲು, ಆರು ತಿಂಗಳು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನೀನು?" ಎಂದಳು.

"ನಾನು ಇರ್ತೀನಂತೆ."

"ಹೂಂ" ಎಂದು ಚಾಳೀಸು ತೆಗೆದು ಸೆರಗಿನಲ್ಲಿ ಒರೆಸಿದಳು, ಬಹಳ ಹೊತ್ತು ಒರೆಸಿದಳು.

ಫೋನು ಬಡಿದುಕೊಂಡಿತು. ಅವಳು ಕೈ ಚಾಚುವ ಮೊದಲೇ ತಕ್ಕಡಿ ಎತ್ತಿಕೊಂಡ. ಆಚೆಯಿಂದ ಒಂಥರಾ ಮಾತು. ಪ್ರೋಗ್ರಾಮಿನಲ್ಲಿ ಇನ್ನೊಂದು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ, ಆ ಅಮ್ಮ ಇದ್ದಾರಾ?

"ಇಲ್ಲ. ಅಕ್ಕ ಸೀಟಲ್ಲಿಲ್ಲ" ಎಂದ, ಅಕ್ಕನ ಮುಖವನ್ನೇ ನೋಡುತ್ತ.

ಆಚೆಯವನು ಇಡಲಿಲ್ಲ. ಇವತ್ತು ಇದನ್ನು ಸರಿ ಮಾಡದಿದ್ದರೆ ತನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಬೇಡಿಕೊಳ್ಳತೊಡಗಿದ. ರಿಸೀವರಿನಿಂದ ಆ ದನಿ ಮೇಜಿನವರೆಗೂ ಕೇಳುತ್ತಿತ್ತು.

ಅಕ್ಕ ಚಾಳೀಸು ಹಾಕಿಕೊಂಡು ಕೈ ಮುಂದೆ ಮಾಡಿದಳು.

"ಕೊಡೋ ಇಲ್ಲಿ."

ತೂಗಿ ನೋಡಲು ಅವನಿಗೆ ಏನೂ ಹೊಳೆಯಲಿಲ್ಲ. ಕೊಟ್ಟ.

"ಏನಾಯ್ತಪ್ಪಾ," ಎಂದಳು ಅಕ್ಕ, "ಹೇಳು."